ಲಿನಕ್ಸ್ ಗಣಕಗಳಲ್ಲಿ ಪರದೆ ವ್ಯವಸ್ಥೆಯ ಬದಲಾವಣೆ: ವರ್ತಕರು ಅರಿತಿರಬೇಕಾದ ಸಂಗತಿಗಳು

ಪರವಾನಗಿ ಶುಲ್ಕದ ಹೊರೆಯನ್ನು ತಗ್ಗಿಸಿಕೊಳ್ಳುವ ಸಲುವಾಗಿ ಲಿನಕ್ಸ್ ಆಧಾರಿತ ಗಣಕಯಂತ್ರಗಳನ್ನು ಬಳಸುವ ವರ್ತಕರೂ ಸಣ್ಣ ಉದ್ಯಮಿಗಳೂ ನಮ್ಮಲ್ಲಿದ್ದಾರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್‌ಗೆ ಬದಲಿಸಿಕೊಳ್ಳಬಹುದೇ ಎಂಬ ಪ್ರಶ್ನೆ ಆ ಬಳಿಕ ಅನೇಕ ಅಂಗಡಿ, ಕಾರ್ಖಾನೆಗಳಲ್ಲಿ ಎದ್ದಿರುವುದು ಸಹಜ. ಆದರೆ ಇದೇ ವೇಳೆಗೆ ಲಿನಕ್ಸ್‌ನ ಒಳಗೂ ದೊಡ್ಡದೊಂದು ಬದಲಾವಣೆ ನಡೆದಿದೆ. ಸುಮಾರು ನಾಲ್ಕು ದಶಕಗಳಿಂದ ಪರದೆಯ ಮೇಲೆ ಚಿತ್ರ ಮೂಡಿಸುತ್ತಿದ್ದ ‘ಎಕ್ಸ್’ ವ್ಯವಸ್ಥೆಯು ತೆರೆಮರೆಗೆ ಸರಿಯುತ್ತಿದ್ದು, ‘ವೇಲ್ಯಾಂಡ್’ ಎಂಬ ಹೊಸ ವ್ಯವಸ್ಥೆಯು ಅದರ ಸ್ಥಾನವನ್ನು ಪಡೆಯುತ್ತಿದೆ.

ಇದು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಭಾವಿಸುವಂತಿಲ್ಲ. ಎಚ್ಚರಿಕೆಯಿಲ್ಲದೆ ವ್ಯವಸ್ಥೆಯನ್ನು ನವೀಕರಿಸಿದ ಮರುದಿನ ಬೆಳಿಗ್ಗೆ, ದೂರದಿಂದ ದುರಸ್ತಿ ಮಾಡಿಕೊಡುತ್ತಿದ್ದ ತಂತ್ರಜ್ಞರಿಗೆ ಅಂಗಡಿಯ ಪರದೆಯೇ ಕಾಣದಂತಾಗಬಹುದು; ಬಿಲ್ಲಿನ ವಿವರಗಳನ್ನು ತಾನಾಗಿಯೇ ತುಂಬುತ್ತಿದ್ದ ಪುಟ್ಟ ತಂತ್ರಾಂಶವು ಸುಮ್ಮನಾಗಬಹುದು. ಅದು ವಿವರಣ ಪತ್ರಿಕೆ ಸಲ್ಲಿಸುವ ಕೊನೆಯ ದಿನವಾಗಿದ್ದರೆ ನಷ್ಟವನ್ನು ಹಣದಲ್ಲೇ ಎಣಿಸಬೇಕಾಗುತ್ತದೆ. ಆದ್ದರಿಂದ ಏನು ಬದಲಾಗುತ್ತಿದೆ, ಏಕೆ ಬದಲಾಗುತ್ತಿದೆ, ಎಷ್ಟು ಕಾಲಾವಕಾಶವಿದೆ ಎಂಬುದನ್ನು ತಿಳಿದಿರುವುದು ಒಳಿತು.

ಪರದೆ ವ್ಯವಸ್ಥೆ ಎಂದರೇನು?

ಒಂದು ಗಣಕದಲ್ಲಿ ಏಕಕಾಲಕ್ಕೆ ಲೆಕ್ಕಪತ್ರ, ಅಂತರಜಾಲ ವೀಕ್ಷಕ, ಮಿಂಚಂಚೆ ಎಂದು ಹಲವು ತಂತ್ರಾಂಶಗಳು ತೆರೆದಿರುತ್ತವೆ. ಇವೆಲ್ಲಕ್ಕೂ ಇರುವುದು ಒಂದೇ ಪರದೆ, ಒಂದೇ ಕೀಲಿಮಣೆ, ಒಂದೇ ಮೌಸ್. ಯಾವ ಕಿಟಕಿ ಮೇಲಿರಬೇಕು, ಒತ್ತಿದ ಕೀಲಿಯು ಯಾವ ತಂತ್ರಾಂಶಕ್ಕೆ ತಲುಪಬೇಕು, ಬರೆದ ಅಕ್ಷರವು ಪರದೆಯಲ್ಲಿ ಎಲ್ಲಿ ಮೂಡಬೇಕು ಎಂಬುದನ್ನು ನಿರ್ಧರಿಸುವ ಅಂಗವೇ ಪರದೆ ವ್ಯವಸ್ಥೆ. ವಿಂಡೋಸ್‌ನಲ್ಲಿ ಇದು ಕಾರ್ಯಾಚರಣ ವ್ಯವಸ್ಥೆಯೊಳಗೇ ಬೆರೆತಿರುವುದರಿಂದ ಬಳಕೆದಾರರ ಗಮನಕ್ಕೆ ಬರುವುದಿಲ್ಲ. ಲಿನಕ್ಸ್‌ನಲ್ಲಾದರೋ ಇದು ಬೇರೊಂದು ತಂಡ ರಚಿಸಿ ನಿರ್ವಹಿಸುವ ಪ್ರತ್ಯೇಕ ತಂತ್ರಾಂಶ. ಹೀಗಿರುವುದರಿಂದಲೇ ಅದೊಂದನ್ನೇ ತೆಗೆದು ಮತ್ತೊಂದನ್ನು ಇಡಲು ಸಾಧ್ಯವಾಗಿದೆ.

1987ರ ವಿನ್ಯಾಸ

ಎಕ್ಸ್ ವ್ಯವಸ್ಥೆಯು 1984ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಹುಟ್ಟಿತು. ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಇದರ ಆರಂಭದ ರೂವಾರಿಗಳು. ಮೊದಲ ಮೂರು ವರ್ಷಗಳಲ್ಲಿ ವೇಗವಾಗಿ ಪರಿಷ್ಕರಣೆಗೊಂಡು, 1987ರ ಸೆಪ್ಟೆಂಬರ್‌ನಲ್ಲಿ ಹನ್ನೊಂದನೆಯ ಆವೃತ್ತಿ ಹೊರಬಂದಿತು. ‘ಎಕ್ಸ್ 11’ ಎಂಬ ಹೆಸರು ಬಂದದ್ದು ಹಾಗೆ. ಆನಂತರ ಹನ್ನೆರಡನೆಯ ಆವೃತ್ತಿ ಬರಲೇ ಇಲ್ಲ. ಹಳೆಯ ತಂತ್ರಾಂಶಗಳು ಕೆಡಬಾರದೆಂಬ ಕಾರಣಕ್ಕೆ ಮೂಲ ನಿಯಮಗಳನ್ನು ಹಾಗೆಯೇ ಉಳಿಸಿಕೊಂಡು, ಹೊಸ ಅಗತ್ಯಗಳನ್ನು ಪಕ್ಕದಲ್ಲಿ ಜೋಡಿಸುತ್ತ ಬರಲಾಯಿತು. ಹಳೆಯ ಕಟ್ಟಡಕ್ಕೆ ವರ್ಷಕ್ಕೊಂದು ಕೋಣೆ ಸೇರಿಸಿದಂತೆ ಅದು ಬೆಳೆಯಿತು.

ಆ ಕಾಲಕ್ಕೆ ಎಕ್ಸ್‌ನ ವಿನ್ಯಾಸ ಅತ್ಯಂತ ಸಮಂಜಸವಾಗಿತ್ತು. ದುಬಾರಿಯಾದ ದೊಡ್ಡ ಗಣಕವೊಂದು ಒಂದೆಡೆ ಇದ್ದು, ಜಾಲದ ಮೂಲಕ ಹಲವು ಮೇಜುಗಳ ಮೇಲಿನ ಪರದೆಗಳಿಗೆ ಕೆಲಸ ಒದಗಿಸಬೇಕಾಗಿತ್ತು. ತಂತ್ರಾಂಶ ಒಂದು ಯಂತ್ರದಲ್ಲಿ, ಪರದೆ ಇನ್ನೊಂದರಲ್ಲಿ ಎಂಬ ಏರ್ಪಾಡನ್ನು ಎಕ್ಸ್ ಸಹಜವಾಗಿ ನಿಭಾಯಿಸಿತು. ‘ಇಲ್ಲಿಂದ ಅಲ್ಲಿಗೆ ಗೆರೆ ಎಳೆ’, ‘ಈ ಅಕ್ಷರವನ್ನು ಇಲ್ಲಿ ಬರೆ’ ಎಂಬ ಚಿಕ್ಕ ಚಿಕ್ಕ ಆದೇಶಗಳನ್ನು ತಂತ್ರಾಂಶವು ಕಳುಹಿಸುತ್ತಿತ್ತು. ಪರದೆಯ ಕಡೆಯಲ್ಲಿದ್ದ ಎಕ್ಸ್ ಸರ್ವರ್ ಅವನ್ನು ಪಾಲಿಸುತ್ತಿತ್ತು.

ಮಧ್ಯವರ್ತಿಯಾಗಿ ಉಳಿದ ಎಕ್ಸ್

ಕಾಲಕ್ರಮೇಣ ಎಕ್ಸ್ ಸರ್ವರ್‌ನ ಕೆಲಸಗಳು ಒಂದೊಂದಾಗಿ ಅದರ ಕೈತಪ್ಪಿ ಹೋದವು. ಗೆರೆ, ಬಣ್ಣ, ಚಿತ್ರಗಳನ್ನು ಬಿಡಿಸುವ ಕೆಲಸವನ್ನು ತಂತ್ರಾಂಶಗಳೇ ಗ್ರಾಫಿಕ್ಸ್ ಕಾರ್ಡಿನ ನೆರವಿನಿಂದ ಮಾಡಿಕೊಳ್ಳತೊಡಗಿದವು. ಪರದೆಯ ಅಳತೆ ಮತ್ತು ಸ್ಪಷ್ಟತೆಯನ್ನು ನಿಗದಿಪಡಿಸುವ ಹೊಣೆ ಲಿನಕ್ಸ್‌ನ ಕರ್ನೆಲ್‌ಗೆ ವರ್ಗವಾಯಿತು. ಅಕ್ಷರಗಳ ವಿಷಯದಲ್ಲೂ ಹೀಗೆಯೇ ಆಯಿತು. ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಕೂಡಿಸುವ ಸಾಮರ್ಥ್ಯ ಎಕ್ಸ್‌ನ ಮೂಲ ಅಕ್ಷರ ವ್ಯವಸ್ಥೆಗೆ ಇರಲಿಲ್ಲ. ಇಂದು ಲಿನಕ್ಸ್ ಪರದೆಯಲ್ಲಿ ಕನ್ನಡ ಸರಿಯಾಗಿ ಮೂಡುತ್ತಿದ್ದರೆ, ಅದಕ್ಕೆ ತಂತ್ರಾಂಶಗಳೊಳಗೆ ಕೆಲಸ ಮಾಡುವ ಪ್ಯಾಂಗೋ, ಹಾರ್ಫ್‌ಬಝ್ ಮೊದಲಾದ ಪ್ರತ್ಯೇಕ ಘಟಕಗಳು ಕಾರಣ.

ಇಷ್ಟೆಲ್ಲ ಆದ ಮೇಲೆ, ಕಿಟಕಿಗಳನ್ನೆಲ್ಲ ಸೇರಿಸಿ ಅಂತಿಮ ಚಿತ್ರವನ್ನು ಸಿದ್ಧಪಡಿಸುವ ‘ಕಂಪೋಸಿಟರ್’ ಎಂಬ ಘಟಕವೂ ಬೇರೆಯಾಗಿ ಬಂದಿತು. ಪರಿಣಾಮವಾಗಿ ತಂತ್ರಾಂಶವು ತನ್ನ ಚಿತ್ರವನ್ನು ಎಕ್ಸ್‌ಗೆ ಒಪ್ಪಿಸಬೇಕು. ಎಕ್ಸ್ ಅದನ್ನು ಕಂಪೋಸಿಟರ್‌ಗೆ ತಿಳಿಸಬೇಕು. ಕಂಪೋಸಿಟರ್ ಎಲ್ಲವನ್ನೂ ಜೋಡಿಸಿ ಮತ್ತೆ ಎಕ್ಸ್‌ಗೇ ಒಪ್ಪಿಸಬೇಕು. ಕೊನೆಗೆ ಅದು ಪರದೆಗೆ ತಲುಪಬೇಕು. ಒಂದೇ ಸರಕು ಒಬ್ಬನೇ ಮಧ್ಯವರ್ತಿಯ ಕೈಯನ್ನು ಎರಡು ಬಾರಿ ಹಾದುಹೋಗುವ ವ್ಯವಹಾರ ಇದು. ಸಮಯ ವ್ಯರ್ಥವಾಗುವುದಲ್ಲದೆ, ಚಿತ್ರವು ಕ್ಷಣಕಾಲ ಹರಿದಂತೆ ಕಾಣುವ ದೋಷಕ್ಕೂ ಇದು ಎಡೆಮಾಡಿಕೊಟ್ಟಿತು.

ಭದ್ರತೆಯ ಪ್ರಶ್ನೆ

ವರ್ತಕರು ಹೆಚ್ಚು ಗಮನಿಸಬೇಕಾದ ಕೊರತೆ ಭದ್ರತೆಗೆ ಸಂಬಂಧಿಸಿದ್ದು. ಎಕ್ಸ್ ರೂಪುಗೊಂಡಾಗ ಒಂದೇ ಪರದೆಯಲ್ಲಿ ತೆರೆದಿರುವ ತಂತ್ರಾಂಶಗಳೆಲ್ಲ ಪರಸ್ಪರ ನಂಬಿಕೆಗೆ ಅರ್ಹವೆಂದು ಭಾವಿಸಲಾಗಿತ್ತು. ಆದ್ದರಿಂದ ಎಕ್ಸ್‌ನಲ್ಲಿ ಯಾವುದೇ ತಂತ್ರಾಂಶವು ಇನ್ನೊಂದರಲ್ಲಿ ಒತ್ತುವ ಕೀಲಿಗಳನ್ನು ಆಲಿಸಬಲ್ಲದು, ಇಡೀ ಪರದೆಯ ಚಿತ್ರವನ್ನು ತೆಗೆಯಬಲ್ಲದು, ಬಳಕೆದಾರನೇ ಒತ್ತಿದನೋ ಎಂಬಂತೆ ಕೀಲಿಗಳನ್ನು ಕಳುಹಿಸಬಲ್ಲದು. ಎಲ್ಲರ ಖಾತೆ ಪುಸ್ತಕಗಳೂ ಒಂದೇ ಮೇಜಿನ ಮೇಲೆ ಬಿಚ್ಚಿಟ್ಟಿರುವ ಕಚೇರಿಯ ಸ್ಥಿತಿ ಇದು. ಅಂತರಜಾಲದಿಂದ ಇಳಿಸಿಕೊಂಡ ಒಂದು ಆಟದ ತಂತ್ರಾಂಶ, ಪಕ್ಕದ ಕಿಟಕಿಯಲ್ಲಿ ನಮೂದಿಸುವ ಬ್ಯಾಂಕಿನ ಗುಪ್ತಪದವನ್ನು ಓದಲು ಯಾವ ಬೀಗವನ್ನೂ ಮುರಿಯಬೇಕಾಗಿಲ್ಲ.

ಪರದೆಗೆ ಬೀಗ ಹಾಕುವ ಏರ್ಪಾಡೂ ಎಕ್ಸ್‌ನಲ್ಲಿ ದುರ್ಬಲವೇ. ಬೀಗದ ತಂತ್ರಾಂಶವು ಇತರ ತಂತ್ರಾಂಶಗಳಂತೆಯೇ ಒಂದು. ಅದು ಕುಸಿದುಬಿದ್ದರೆ ಪರದೆ ತೆರೆದುಕೊಳ್ಳಬಹುದು. ಯಾವುದಾದರೂ ಪಟ್ಟಿಯನ್ನು ತೆರೆದಿಟ್ಟು ಎದ್ದುಹೋದರೆ, ಕೀಲಿಮಣೆಯು ಆ ಪಟ್ಟಿಯ ಹಿಡಿತದಲ್ಲಿರುವುದರಿಂದ ಬೀಗವೇ ಬೀಳದಿರುವ ಸಂದರ್ಭಗಳೂ ಉಂಟು. ಲೆಕ್ಕಿಗರು ಊಟಕ್ಕೆ ಎದ್ದುಹೋದ ವೇಳೆಯಲ್ಲಿ ಇದು ಸಣ್ಣ ವಿಷಯವಲ್ಲ.

ಸಂಕೇತದ ವಯಸ್ಸು ಇನ್ನೊಂದು ಸಮಸ್ಯೆ. 2014ರ ಜನವರಿಯಲ್ಲಿ ಎಕ್ಸ್‌ನ ಅಕ್ಷರ ಗ್ರಂಥಾಲಯದಲ್ಲಿ ಪ್ರಕಟವಾದ ಒಂದು ಭದ್ರತಾ ದೋಷವು 1991ರಿಂದಲೂ ಅಲ್ಲೇ ಇತ್ತು. ಇಪ್ಪತ್ತೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದ ಈ ದೋಷ, ಹಳೆಯ ಸಂಕೇತವನ್ನು ಸಂಪೂರ್ಣವಾಗಿ ಅರಿತವರು ಎಷ್ಟು ವಿರಳರೆಂಬುದನ್ನು ತೋರಿಸಿಕೊಟ್ಟಿತು.

ವೇಲ್ಯಾಂಡ್‌ನ ಕ್ರಮ

2008ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯಲ್ಲಿದ್ದ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಅವರು ವೇಲ್ಯಾಂಡ್ ಯೋಜನೆಯನ್ನು ಆರಂಭಿಸಿದರು. ಮೆಸಾಚುಸೆಟ್ಸ್ ರಾಜ್ಯದ ಒಂದು ಪಟ್ಟಣದ ಹೆಸರನ್ನೇ ಇದಕ್ಕೆ ಇಡಲಾಯಿತು. ಹೋಗ್ಸ್‌ಬರ್ಗ್ ಅವರು ಎಕ್ಸ್‌ಗಾಗಿ ದುಡಿದಿದ್ದವರು. ವೇಲ್ಯಾಂಡ್ ಕಟ್ಟಲು ಬಳಿಕ ಕೈಜೋಡಿಸಿದವರಲ್ಲಿಯೂ ಎಕ್ಸ್‌ನ ನಿರ್ವಾಹಕರಿದ್ದರು ಎಂಬುದು ಗಮನಾರ್ಹ. ಹಳೆಯದನ್ನು ದುರಸ್ತಿ ಮಾಡುವುದಕ್ಕಿಂತ ಹೊಸದನ್ನು ಕಟ್ಟುವುದೇ ಮೇಲು ಎಂಬ ತೀರ್ಮಾನ ಹೊರಗಿನವರದ್ದಲ್ಲ, ಒಳಗಿದ್ದವರದ್ದು.

ವೇಲ್ಯಾಂಡ್‌ನಲ್ಲಿ ಮಧ್ಯವರ್ತಿ ಇಲ್ಲ. ಕಂಪೋಸಿಟರ್ ಘಟಕವೇ ಪರದೆಯ ಒಡೆಯ. ತಂತ್ರಾಂಶವು ತನ್ನ ಕಿಟಕಿಯ ಚಿತ್ರವನ್ನು ಪೂರ್ತಿಯಾಗಿ ಸಿದ್ಧಪಡಿಸಿ ನೇರವಾಗಿ ಅದಕ್ಕೆ ಒಪ್ಪಿಸುತ್ತದೆ. ಒತ್ತಿದ ಕೀಲಿಯು ಆಗ ಬಳಕೆಯಲ್ಲಿರುವ ಕಿಟಕಿಗೆ ಮಾತ್ರ ತಲುಪುತ್ತದೆ. ಒಂದು ತಂತ್ರಾಂಶಕ್ಕೆ ಇನ್ನೊಂದರ ಕಿಟಕಿ ಕಾಣುವುದಿಲ್ಲ. ಪರದೆಯನ್ನು ಇತರರಿಗೆ ತೋರಿಸಬೇಕಾದಾಗ ವ್ಯವಸ್ಥೆಯು ಬಳಕೆದಾರರ ಅನುಮತಿಯನ್ನು ಕೇಳುತ್ತದೆ. ಬೀಗ ಹಾಕುವುದೂ ಕಂಪೋಸಿಟರ್‌ನ ನೇರ ಹೊಣೆಯಾಗಿರುತ್ತದೆ.

ಎಕ್ಸ್‌ಗಾಗಿ ರಚಿಸಿದ ಅಸಂಖ್ಯ ತಂತ್ರಾಂಶಗಳನ್ನು ಕೈಬಿಡುವಂತಿರಲಿಲ್ಲ. ಅವುಗಳಿಗಾಗಿ ‘ಎಕ್ಸ್‌ವೇಲ್ಯಾಂಡ್’ ಎಂಬ ಸೇತುವೆಯನ್ನು ನಿರ್ಮಿಸಲಾಯಿತು. ಇದು ವೇಲ್ಯಾಂಡ್‌ನ ಒಳಗೇ ನಡೆಯುವ ಒಂದು ಎಕ್ಸ್ ಸರ್ವರ್. ಹಳೆಯ ತಂತ್ರಾಂಶಗಳು ಇದರ ಮೂಲಕ ಬಹುಮಟ್ಟಿಗೆ ಎಂದಿನಂತೆ ನಡೆಯುತ್ತವೆ. ಹಳೆಯ ವ್ಯವಸ್ಥೆ ತೆರೆಮರೆಗೆ ಸರಿದರೂ ಹಳೆಯ ತಂತ್ರಾಂಶಗಳು ಒಮ್ಮೆಲೇ ನಿಲ್ಲುವುದಿಲ್ಲ ಎಂಬ ಭರವಸೆಗೆ ಇದೇ ಆಧಾರ.

ಇಷ್ಟು ವರ್ಷಗಳೇಕೆ ಬೇಕಾದವು?

ವೇಲ್ಯಾಂಡ್ 1.0 ಆವೃತ್ತಿ 2012ರಲ್ಲಿ ಹೊರಬಂದರೂ, ದೊಡ್ಡ ವಿತರಣೆಯಾದ ಫೆಡೋರಾ ಇದನ್ನು ಸಹಜ ಆಯ್ಕೆಯಾಗಿ ನೀಡಿದ್ದು 2016ರಲ್ಲಿ. ವಿಳಂಬಕ್ಕೆ ಮೂರು ಮುಖ್ಯ ಕಾರಣಗಳಿವೆ.

ಮೊದಲನೆಯದಾಗಿ, ವೇಲ್ಯಾಂಡ್ ಎಂಬುದು ನಿಯಮಗಳ ಒಪ್ಪಂದವೇ ಹೊರತು ಒಂದೇ ತಂತ್ರಾಂಶವಲ್ಲ. ಗ್ನೋಮ್, ಕೆಡಿಇ ಮೊದಲಾದ ಪ್ರತಿಯೊಂದು ಡೆಸ್ಕ್‌ಟಾಪ್ ತಂಡವೂ ತನ್ನದೇ ಕಂಪೋಸಿಟರ್ ಬರೆಯಬೇಕಾಯಿತು. ಹೊಸ ಸೌಲಭ್ಯವೊಂದು ಸೇರಬೇಕಾದರೆ ಈ ತಂಡಗಳೆಲ್ಲ ಚರ್ಚಿಸಿ ಒಪ್ಪಬೇಕು. ಬಣ್ಣಗಳ ನಿಖರ ನಿರ್ವಹಣೆಯ ನಿಯಮವು ವರ್ಷಗಟ್ಟಲೆ ಚರ್ಚೆಯಲ್ಲಿದ್ದು, ಒಪ್ಪಿಗೆ ಪಡೆದದ್ದು 2025ರ ಫೆಬ್ರುವರಿಯಲ್ಲಿ.

ಎರಡನೆಯದಾಗಿ, ಶ್ರಮ ಹಂಚಿಹೋಯಿತು. ಉಬುಂಟು ವಿತರಣೆಯ ಸಂಸ್ಥೆಯಾದ ಕ್ಯಾನೊನಿಕಲ್, 2010ರಲ್ಲಿ ವೇಲ್ಯಾಂಡ್‌ನ ಕಡೆಗೆ ಒಲವು ತೋರಿತ್ತಾದರೂ, 2013ರಲ್ಲಿ ‘ಮಿರ್’ ಎಂಬ ತನ್ನದೇ ಪರದೆ ವ್ಯವಸ್ಥೆಯನ್ನು ಪ್ರಕಟಿಸಿತು. 2017ರಲ್ಲಿ ಡೆಸ್ಕ್‌ಟಾಪ್ ಗಣಕಗಳ ಮಟ್ಟಿಗೆ ಆ ಯೋಜನೆಯನ್ನು ಕೈಬಿಟ್ಟು ಗ್ನೋಮ್ ಮತ್ತು ವೇಲ್ಯಾಂಡ್‌ಗೆ ಮರಳಿತು.

ಮೂರನೆಯದು ಯಂತ್ರಾಂಶದ ಅಡಚಣೆ. ಗ್ರಾಫಿಕ್ಸ್ ಕಾರ್ಡ್ ತಯಾರಕರಾದ ಎನ್ವಿಡಿಯಾ ಬಹುಕಾಲ ತಮ್ಮದೇ ಪ್ರತ್ಯೇಕ ವಿಧಾನವನ್ನು ಅನುಸರಿಸಿದರು. ಇತರರು ಬಳಸುವ ವಿಧಾನಕ್ಕೆ ಅವರ ಚಾಲಕ ತಂತ್ರಾಂಶವು ಬೆಂಬಲ ನೀಡಿದ್ದು 2021ರ 495ನೆಯ ಸರಣಿಯಿಂದ ಈಚೆಗೆ.

ಇಂದಿನ ಸ್ಥಿತಿ

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ನೆಯ ಆವೃತ್ತಿಯು 2025ರ ಮೇ ತಿಂಗಳಲ್ಲಿ ಬಿಡುಗಡೆಯಾದಾಗ ಎಕ್ಸ್ ಸರ್ವರ್ ಅದರಲ್ಲಿ ಇರಲಿಲ್ಲ. ಎಕ್ಸ್‌ವೇಲ್ಯಾಂಡ್ ಸೇತುವೆಯನ್ನು ಮಾತ್ರ ಉಳಿಸಿಕೊಳ್ಳಲಾಗಿದೆ. 2025ರ ಸೆಪ್ಟೆಂಬರ್‌ನ ಗ್ನೋಮ್ 49ರಲ್ಲಿ ಎಕ್ಸ್ ಅಧಿವೇಶನವನ್ನು ಸಹಜ ಸ್ಥಿತಿಯಲ್ಲಿ ನಿಷ್ಕ್ರಿಯಗೊಳಿಸಲಾಯಿತು. ಅದೇ ಅಕ್ಟೋಬರ್‌ನಲ್ಲಿ ಬಂದ ಉಬುಂಟು 25.10 ಮತ್ತು ಫೆಡೋರಾ 43ರ ಗ್ನೋಮ್‌ನಲ್ಲಿ ಎಕ್ಸ್ ಆಯ್ಕೆ ಇಲ್ಲವಾಯಿತು. 2024ರ ಫೆಬ್ರುವರಿಯಲ್ಲಿ ವೇಲ್ಯಾಂಡ್ ಅನ್ನು ಸಹಜ ಆಯ್ಕೆಯಾಗಿಸಿದ ಕೆಡಿಇ ತಂಡವು, ಪ್ಲಾಸ್ಮಾ 6.8ರಿಂದ ಎಕ್ಸ್ ಅಧಿವೇಶನ ಇರುವುದಿಲ್ಲವೆಂದು 2025ರ ನವೆಂಬರ್‌ನಲ್ಲಿ ಪ್ರಕಟಿಸಿತು.

ಹೀಗೆಂದು ಗಾಬರಿಪಡಬೇಕಾಗಿಲ್ಲ. ಎಕ್ಸ್ ಆಯ್ಕೆಯನ್ನು ಒಳಗೊಂಡಿರುವ ಉಬುಂಟು 24.04 ದೀರ್ಘಾವಧಿ ಆವೃತ್ತಿಗೆ ಮತ್ತು ಅದನ್ನು ಆಧರಿಸಿದ ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ. ರೆಡ್ ಹ್ಯಾಟ್‌ನ 9ನೆಯ ಆವೃತ್ತಿಗೆ 2032ರವರೆಗೆ ಬೆಂಬಲವಿದೆ. ಎಕ್ಸ್ ಮುಂದುವರಿಯಬೇಕೆಂದು ಬಯಸುವ ಕೆಲವರು 2025ರಲ್ಲಿ ‘ಎಕ್ಸ್‌ಲಿಬ್ರೆ’ ಎಂಬ ಪ್ರತ್ಯೇಕ ಕವಲನ್ನೂ ಆರಂಭಿಸಿದ್ದಾರೆ. ಮುಕ್ತ ತಂತ್ರಾಂಶದಲ್ಲಿ ಇಂತಹ ಸ್ವಾತಂತ್ರ್ಯವುಂಟು. ಆದರೆ ಮುಖ್ಯ ವಿತರಣೆಗಳು ಸಾಗುತ್ತಿರುವ ದಿಕ್ಕು ಸ್ಪಷ್ಟವಾಗಿದೆ.

ಯಾವುದಕ್ಕೆ ತೊಂದರೆಯಿಲ್ಲ?

ಮುದ್ರಣ ವ್ಯವಸ್ಥೆಯು ಪರದೆ ವ್ಯವಸ್ಥೆಯಿಂದ ಬೇರೆಯಾದುದರಿಂದ ಮುದ್ರಕಗಳು ಎಂದಿನಂತೆ ನಡೆಯುತ್ತವೆ. ಗಣಕಕ್ಕೆ ಕೀಲಿಮಣೆಯಂತೆಯೇ ಕಾಣುವ ಸಾಮಾನ್ಯ ಬಾರ್‌ಕೋಡ್ ಸ್ಕ್ಯಾನರ್‌ಗಳಿಗೂ ತೊಡಕಿಲ್ಲ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಮೊದಲಾದವು ವೇಲ್ಯಾಂಡ್‌ನಲ್ಲಿ ನೇರವಾಗಿಯೇ ಕೆಲಸ ಮಾಡುತ್ತವೆ. ಎಕ್ಸ್‌ಗಾಗಿ ರೂಪಿಸಿದ ಕೀಲಿಮಣೆ ವಿನ್ಯಾಸದ ಕಡತಗಳನ್ನೇ ವೇಲ್ಯಾಂಡ್ ಕೂಡ ಬಳಸುವುದರಿಂದ ಕನ್ನಡದ ಕಗಪ ವಿನ್ಯಾಸ ಮತ್ತು ಇನ್‌ಸ್ಕ್ರಿಪ್ಟ್ ವಿನ್ಯಾಸಗಳು ಮುಂದುವರಿದಿವೆ. ಪರದೆಯೇ ಇಲ್ಲದ ಸರ್ವರ್ ಯಂತ್ರಗಳಿಗೆ ಈ ಬದಲಾವಣೆ ಸಂಬಂಧಿಸಿಯೇ ಇಲ್ಲ.

ಎಲ್ಲಿ ಎಚ್ಚರ ಬೇಕು?

ದೂರದಿಂದ ದುರಸ್ತಿ: ಪರದೆಯನ್ನು ನೇರವಾಗಿ ಓದುತ್ತಿದ್ದ ಹಳೆಯ ತಂತ್ರಾಂಶಗಳಿಗೆ ವೇಲ್ಯಾಂಡ್‌ನಲ್ಲಿ ಕಪ್ಪು ಪರದೆ ಮಾತ್ರ ಕಾಣಬಹುದು. ಹೊಸ ವಿಧಾನದಲ್ಲಿ ಗಣಕದ ಮುಂದೆ ಕುಳಿತವರು ಅನುಮತಿ ನೀಡಬೇಕಾಗುತ್ತದೆ. ರಾತ್ರಿ ಯಾರೂ ಇಲ್ಲದ ಅಂಗಡಿಯ ಯಂತ್ರವನ್ನು ನಿರ್ವಹಿಸುವವರು ಈ ವಿಷಯವನ್ನು ಮೊದಲೇ ಪರೀಕ್ಷಿಸಬೇಕು.

ತಾನಾಗಿ ಕೀಲಿ ಒತ್ತುವ ತಂತ್ರಾಂಶಗಳು: ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ವಿವರ ತುಂಬಲು ಸ್ಥಳೀಯವಾಗಿ ಬರೆಸಿಕೊಂಡ ಏರ್ಪಾಡುಗಳು ಎಕ್ಸ್‌ನ ಸಡಿಲಿಕೆಯನ್ನೇ ಅವಲಂಬಿಸಿರುತ್ತವೆ. ವೇಲ್ಯಾಂಡ್ ಮುಚ್ಚಿರುವುದು ಅದೇ ಬಾಗಿಲನ್ನು. ಇವನ್ನು ಹೊಸದಾಗಿ ರಚಿಸಬೇಕಾಗಬಹುದು.

ಎರಡು ಪರದೆಯ ಬಿಲ್ಲಿಂಗ್ ಗಣಕ: ವೇಲ್ಯಾಂಡ್‌ನಲ್ಲಿ ಸಾಮಾನ್ಯ ಕಿಟಕಿಯು ತಾನು ಪರದೆಯ ಯಾವ ಜಾಗದಲ್ಲಿ ನಿಲ್ಲಬೇಕೆಂದು ತಾನೇ ನಿರ್ಧರಿಸುವಂತಿಲ್ಲ. ಗ್ರಾಹಕರಿಗೆ ಮೊತ್ತ ತೋರಿಸುವ ಕಿಟಕಿಯು ಬಿಲ್ ಬರೆಯುವವರ ಪರದೆಯಲ್ಲೇ ತೆರೆದುಕೊಳ್ಳುವ ಸಂಭವವಿದೆ.

ಹಳೆಯ ಗ್ರಾಫಿಕ್ಸ್ ಕಾರ್ಡ್: ಎನ್ವಿಡಿಯಾದ ಕೆಪ್ಲರ್ ಪೀಳಿಗೆಯ ಕಾರ್ಡ್‌ಗಳಿಗೆ 470ನೆಯ ಸರಣಿಯ ಚಾಲಕವೇ ಕೊನೆಯದು. ಅಂತಹ ಯಂತ್ರಗಳಲ್ಲಿ ತಯಾರಕರ ಚಾಲಕದೊಡನೆ ವೇಲ್ಯಾಂಡ್ ತೃಪ್ತಿಕರವಾಗಿ ನಡೆಯುವುದು ಕಷ್ಟ.

ಕಾರ್ಖಾನೆಯ ಯಂತ್ರ ನಿಯಂತ್ರಣ: ಲಿನಕ್ಸ್‌ಸಿಎನ್‌ಸಿ ತಂತ್ರಾಂಶದ ‘ಆ್ಯಕ್ಸಿಸ್’ ಪರದೆಯಂತಹವು ಎಕ್ಸ್ ಅನ್ನೇ ಆಧರಿಸಿದ ಘಟಕಗಳಿಂದ ರಚಿತವಾಗಿವೆ. ಸರಿಯಾಗಿ ನಡೆಯುತ್ತಿರುವ ಯಂತ್ರದ ನಿಯಂತ್ರಕ ಗಣಕವನ್ನು ಕೇವಲ ಹೊಸತನಕ್ಕಾಗಿ ನವೀಕರಿಸುವುದು ವಿವೇಕವಲ್ಲ.

ಮುದ್ರಣೋದ್ಯಮ: ಪರದೆಯ ಬಣ್ಣವನ್ನು ಅಳೆದು ಸರಿಹೊಂದಿಸುವ ಉಪಕರಣ ಬಳಸುವವರು, ತಮ್ಮ ಡೆಸ್ಕ್‌ಟಾಪ್ ಹೊಸ ಬಣ್ಣ ನಿಯಮವನ್ನು ಅಳವಡಿಸಿಕೊಂಡಿದೆಯೇ ಎಂದು ನೋಡಿ ಮುಂದುವರಿಯಬೇಕು.

ಕೈಗೊಳ್ಳಬಹುದಾದ ಕ್ರಮಗಳು

ಮೊದಲು ತಮ್ಮ ಗಣಕದಲ್ಲಿ ಈಗ ಯಾವ ವ್ಯವಸ್ಥೆ ಇದೆ ಎಂಬುದನ್ನು ತಿಳಿಯಬೇಕು. ಗ್ನೋಮ್ ಡೆಸ್ಕ್‌ಟಾಪ್ ಇದ್ದಲ್ಲಿ ಸೆಟ್ಟಿಂಗ್ಸ್‌ನ ‘ಅಬೌಟ್’ ವಿಭಾಗದಲ್ಲಿ ‘ವಿಂಡೋಯಿಂಗ್ ಸಿಸ್ಟಂ’ ಎಂಬ ಸಾಲಿನ ಎದುರು ಅದರ ಹೆಸರಿರುತ್ತದೆ. ಎರಡೂ ಇರುವ ಆವೃತ್ತಿಗಳಲ್ಲಿ ಪ್ರವೇಶ ಪರದೆಯ ಗಾಲಿಯಂತಹ ಚಿಹ್ನೆಯನ್ನು ಒತ್ತಿ ಬೇಕಾದುದನ್ನು ಆರಿಸಿಕೊಳ್ಳಬಹುದು. ಇದೇ ಅತ್ಯಂತ ಅಗ್ಗದ ಪರೀಕ್ಷೆ: ಒಂದು ವಾರ ವೇಲ್ಯಾಂಡ್‌ನಲ್ಲಿ ಕೆಲಸ ಮಾಡಿ, ತೊಡಕು ಕಂಡರೆ ಎಕ್ಸ್‌ಗೆ ಮರಳಬಹುದು.

ಎರಡನೆಯದಾಗಿ, ಸಂಸ್ಥೆಯಲ್ಲಿ ಬಳಸುವ ತಂತ್ರಾಂಶ ಮತ್ತು ಉಪಕರಣಗಳ ಪಟ್ಟಿ ಮಾಡಿ, ಒಂದು ಗಣಕದಲ್ಲಿ ಅವೆಲ್ಲವನ್ನೂ ಪರೀಕ್ಷಿಸಬೇಕು. ಎಲ್ಲ ಯಂತ್ರಗಳನ್ನೂ ಒಮ್ಮೆಗೇ ಬದಲಿಸಬಾರದು. ಮಾರ್ಚ್ ಕೊನೆಯ ವಾರ, ಜಿಎಸ್‌ಟಿ ವಿವರಣ ಪತ್ರಿಕೆಗಳ ಗಡುವಾದ ತಿಂಗಳ 11 ಮತ್ತು 20ನೆಯ ತಾರೀಖುಗಳ ಆಸುಪಾಸು ಇಂತಹ ಕೆಲಸಕ್ಕೆ ತಕ್ಕ ಸಮಯವಲ್ಲ.

ಮೂರನೆಯದಾಗಿ, ತಂತ್ರಾಂಶ ಪೂರೈಕೆದಾರರಿಂದ ಮತ್ತು ವಾರ್ಷಿಕ ನಿರ್ವಹಣಾ ಗುತ್ತಿಗೆದಾರರಿಂದ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಬೇಕು. ತಂತ್ರಾಂಶವು ವೇಲ್ಯಾಂಡ್‌ನಲ್ಲಿ ನೇರವಾಗಿ ನಡೆಯುತ್ತದೆಯೇ, ಎಕ್ಸ್‌ವೇಲ್ಯಾಂಡ್ ಮೂಲಕವೇ? ದೂರದಿಂದ ದುರಸ್ತಿ ಮಾಡುವ ಸೌಲಭ್ಯ ಅದರಲ್ಲಿ ಮುಂದುವರಿಯುತ್ತದೆಯೇ? ಹೊಸ ಗಣಕಗಳನ್ನು ಕೊಳ್ಳುವಾಗಲೂ ಇದೇ ಪ್ರಶ್ನೆಗಳನ್ನು ಖರೀದಿ ಆದೇಶದಲ್ಲಿ ಸೇರಿಸುವುದು ಲೇಸು.

ಮುಕ್ತ ತಂತ್ರಾಂಶಕ್ಕೆ ಒಡೆಯನಿಲ್ಲ. ಇಂತಹ ದಿನದೊಳಗೆ ಬದಲಾಗಲೇಬೇಕೆಂದು ಒತ್ತಾಯಿಸಿ ಶುಲ್ಕ ಕೇಳುವವರೂ ಇಲ್ಲ. ಆದರೆ ಹಳೆಯದನ್ನು ಎಂದೆಂದಿಗೂ ದುರಸ್ತಿ ಮಾಡಿಕೊಡಿ ಎಂದು ಹಕ್ಕಿನಿಂದ ಕೇಳಲೂ ಸಾಧ್ಯವಿಲ್ಲ. ನಿರ್ವಹಿಸುವವರು ಎಲ್ಲಿಗೆ ಹೋಗುತ್ತಾರೋ ಭದ್ರತೆಯೂ ಅಲ್ಲಿಗೇ ಹೋಗುತ್ತದೆ. ದೀರ್ಘಾವಧಿ ಆವೃತ್ತಿಗಳನ್ನು ಬಳಸುವವರ ಕೈಯಲ್ಲಿ ಇನ್ನೂ ಕೆಲವು ವರ್ಷಗಳಿವೆ. ಆ ಅವಧಿಯನ್ನು ಪರೀಕ್ಷೆಗೆ ಬಳಸಿಕೊಂಡವರಿಗೆ ಈ ಬದಲಾವಣೆಯು ಒಂದು ದಿನದ ಕೆಲಸವಾಗಿ ಮುಗಿಯುತ್ತದೆ; ಗಡುವು ಮುಗಿಯುವವರೆಗೆ ಕಾದವರು ಅದೇ ಕೆಲಸವನ್ನು ವ್ಯಾಪಾರದ ವೇಳೆಯಲ್ಲಿ, ಗ್ರಾಹಕರ ಎದುರಿನಲ್ಲಿ ಮಾಡಬೇಕಾಗುತ್ತದೆ.